ಮೊದಲ ಸಾಲಿನ ಕಾಕಾ

ಕಾಗವಾಡದ ನಮ್ಮ ಕಾಕಾ ಹಾಡುವವರಲ್ಲ, ಬಾರಿಸುವವರೂ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಅವರ ಪಡಸಾಲೆಯ ಮೂಲೆಯಲ್ಲಿ ಮಿರಜದ ತಂಬೂರಿ ಇದೆ, ಗೋಡೆಯ ಮೇಲೆ ಅಬ್ದುಲ್ ಕರೀಂ ಖಾನರ ಫೋಟೋ ಇದೆ, ಮಾತಾಡುವಾಗ ಕಾಕಾ ಅವರ ಬಲಗೈ ತಾನಾಗಿಯೇ ಮೇಲೇರಿ ಗಾಳಿಯಲ್ಲೊಂದು ಮೀಂಡ್ ಎಳೆದು ಇಳಿಯುತ್ತದೆ. ಹೊಸಬರು ಇದನ್ನೆಲ್ಲ ನೋಡಿ, “ತಾವು ಯಾವ ಘರಾಣಾದವರು?” ಎಂದು ಕೇಳಿಬಿಡುತ್ತಾರೆ. ಕಾಕಾ ಒಂದು ಗಳಿಗೆ ಕಣ್ಣು ಮುಚ್ಚಿ, “ಕಿರಾಣಾ” ಎನ್ನುತ್ತಾರೆ. ಅಡುಗೆಮನೆಯಿಂದ ಕಾಕು, “ಕಿರಾಣಿ ಸಾಮಾನ ತರೂದು ಮಾತ್ರ ನಾ” ಎನ್ನುತ್ತಾರೆ.

ಕಾಕಾ ಸಕ್ಕರೆ ಕಾರ್ಖಾನೆಯೊಂದರ ಕಾಟಾದ ಮೇಲೆ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಕಬ್ಬು ತುಂಬಿದ ಟ್ರಾಲಿ ತೂಗಿ, ಆಮೇಲೆ ಖಾಲಿ ಟ್ರಾಲಿ ತೂಗಿ, ಕಳೆದು ಬರೆಯುವ ಕೆಲಸ. ಸಂಗೀತವನ್ನೂ ಹಾಗೆಯೇ ತೂಗುತ್ತಾರೆ. “ಹಾರ, ಶಾಲು, ನಿರೂಪಕನ ಭಾಷಣ, ಹಾಡಾವನ ಝುಬ್ಬಾ, ಎಲ್ಲಾ ಮೊದಲ ಕಳೀರಿ. ಉಳದದ್ದು ಹಾಡು.” ಈ ಲೆಕ್ಕದಲ್ಲಿ ಹೆಚ್ಚಿನ ಕಲಾವಿದರಿಗೆ ಕೆಲವು ಕಿಲೋ ಕೂಡ ಉಳಿಯುವುದಿಲ್ಲ. 2011ರ ಜನವರಿಯಲ್ಲಿ ಭೀಮಸೇನ ಜೋಶಿಯವರು ತೀರಿಕೊಂಡ ದಿನವೇ ಕಾಕಾ ಸಂಗೀತ ಮುಗಿಯಿತೆಂದು ಸಾರಿದ್ದರು. ಅಂದಿನಿಂದ, ಅದು ನಿಜವಾಗಿಯೂ ಮುಗಿದಿದೆಯೋ ಇಲ್ಲವೋ ನೋಡಿ ಬರಲು ಒಂದು ಬೈಠಕ್ಕನ್ನೂ ತಪ್ಪಿಸಲಿಲ್ಲ.

ಸಭೆಯಲ್ಲಿ ಅವರ ಜಾಗ ನಿಗದಿ: ಮೊದಲ ಸಾಲು, ಎಡಗಡೆ, ತಬಲಾದವನ ಎದುರಿಗೆ. ಅಥಣಿಯ ಕರಕರ ಚಪ್ಪಲಿಯನ್ನು ಹೊರಗೆ ಬಿಟ್ಟವರಲ್ಲ. ಕೈಚೀಲದಲ್ಲಿ ಹಾಕಿ ತೊಡೆಯ ಕೆಳಗಿಟ್ಟುಕೊಂಡು ಕೂಡುತ್ತಾರೆ. ರಸಿಕರ ಮೇಲೆ ಅವರಿಗೆ ಪ್ರೀತಿ ಇದೆ, ಚಪ್ಪಲಿಯ ವಿಷಯದಲ್ಲಿ ನಂಬಿಕೆ ಇಲ್ಲ. ತಂಬೂರಿ ಶ್ರುತಿ ಆಗುವಾಗ ಕಾಕಾ ಗೋಣು ವಾರೆ ಮಾಡಿ ಕೇಳುತ್ತಾರೆ. ಸರಿಯಾದ ಮೇಲೆ ಕಲಾವಿದರಿಗಿಂತ ಒಂದು ಕ್ಷಣ ಮೊದಲು ತಲೆಯಾಡಿಸಿ ಪರವಾನಗಿ ಕೊಡುತ್ತಾರೆ.

ಆಮೇಲೆ ದಾದು. ಕಾಕಾ ಅವರ ಮೆಚ್ಚುಗೆಗೆ ಮೆಟ್ಟಿಲುಗಳಿವೆ. ಕೆಳಗಿನದು ‘ಹಾಂ’. ಅದು ಹಾಡುವವ ಇನ್ನೂ ದಾರಿಯಲ್ಲಿದ್ದಾನೆ ಎನ್ನುವುದಕ್ಕೆ. ಅದರ ಮೇಲೆ ನಾಲಿಗೆ ಲೊಚಗುಟ್ಟುವುದು. ಗೊತ್ತಿಲ್ಲದವರು ಯಾರೋ ತೀರಿಕೊಂಡರೆಂದು ತಿರುಗಿ ನೋಡುತ್ತಾರೆ. ಅದರ ಮೇಲೆ ‘ವ್ಹಾ’. ಇದು ಸಮ್ಮಿನ ಮೇಲೆಯೇ ಬೀಳಬೇಕು. ಅರ್ಧ ಮಾತ್ರೆ ಆಚೀಚೆಯಾದರೆ ಕಾಕಾ ರಾತ್ರಿ ನಿದ್ದೆ ಮಾಡುವುದಿಲ್ಲ. ಎಲ್ಲಕ್ಕಿಂತ ಮೇಲಿನದರಲ್ಲಿ ಮಾತೇ ಇಲ್ಲ: ತುಂಬಿದ ಕಣ್ಣಿನಿಂದ ಹಿಂದೆ ತಿರುಗಿ ಎರಡನೇ ಸಾಲಿನವನ ಮುಖ ನೋಡುವುದು. ಎರಡನೇ ಸಾಲಿನವನು ನಾನು. ಆ ನೋಟ ಬಂದಾಗ ನಾನೂ ಕಣ್ಣು ತುಂಬಿಕೊಳ್ಳಬೇಕೆಂಬ ಕರಾರಿನ ಮೇಲೆಯೇ ನನ್ನನ್ನು ಅವರು ಕರೆದುಕೊಂಡು ಹೋಗುತ್ತಿದ್ದದ್ದು.

ಹೋಗುತ್ತಿದ್ದದ್ದು ಹೆಚ್ಚಾಗಿ ಮಿರಜಕ್ಕೆ. ನಮ್ಮ ಕಡೆಯವರಿಗೆ ದವಾಖಾನೆಗೂ ಮಿರಜ, ಮದುವೆಯ ಜವಳಿಗೂ ಮಿರಜ-ಸಾಂಗ್ಲಿ. ನಡುವೆ ರಾಜ್ಯದ ಗಡಿ ಇದೆ ಎನ್ನುವುದು ಎಸ್ಟಿ ಬಸ್ಸಿನ ಬಣ್ಣ ನೋಡಿದಾಗ ಮಾತ್ರ ನೆನಪಾಗುತ್ತಿತ್ತು. ಅಬ್ದುಲ್ ಕರೀಂ ಖಾನ್‌ಸಾಹೇಬರು ನೆಲೆಸಿದ ಊರು ಅದು. ಅಲ್ಲಿಯ ಮೀರಾಸಾಹೇಬರ ದರ್ಗಾದ ಉರುಸಿನಲ್ಲಿ ಅವರ ನೆನಪಿಗೆ ಹಾಡುವುದು ಕಿರಾಣಾದವರಿಗೆ ಒಂದು ಹರಕೆ ತೀರಿಸಿದ ಹಾಗೆ. ಖಾನ್‌ಸಾಹೇಬರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದು ಕಾಕಾ ಅವರ ಸಂಶೋಧನೆ. “ಮಿರಜದ ಗಾಯಕಿ ಹುಬ್ಬಳ್ಳಿ ಕಡೆ ಹ್ಯಾಂಗ ಹೋತು? ರೇಲ್ವೇದಾಗ ಹೋತು. ರೇಲ್ವೆ ಎಲ್ಲಿಂದ ಹೋಗತೈತಿ? ಶೇಡಬಾಳದ ಮ್ಯಾಲಿಂದ. ಶೇಡಬಾಳ ಯಾವ ತಾಲೂಕು? ನಮ್ಮ ಕಾಗವಾಡ. ಹಂಗಂದ ಮ್ಯಾಲ?”

ಹಂಗಂದ ಮೇಲೆ ಏನು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಎಂದು ಘಟಪ್ರಭೆಯವರೆಗೂ ಒಂದೊಂದೇ ಸ್ಟೇಷನ್ನಿಗೆ ಸಲ್ಲಬೇಕಾದ ಪಾಲು ಹಂಚುತ್ತಾರೆ. 1937ರ ಅಕ್ಟೋಬರ್‌ನಲ್ಲಿ ಖಾನ್‌ಸಾಹೇಬರು ಪುದುಚೇರಿಗೆ ಹೊರಟಿದ್ದಾಗ, ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆಯೇ ಪ್ರಾಣ ಬಿಟ್ಟ ಕಥೆಯನ್ನು ಕಾಕಾ ಹೇಳುವುದನ್ನು ಕೇಳಬೇಕು. ತಲೆದೆಸೆಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತವರು ಇವರೇ ಎನಿಸುತ್ತದೆ. “1937ರಾಗ ನಿಮ್ಮ ಅಪ್ಪಂದ ಮದುವಿನೂ ಆಗಿದ್ದಿಲ್ಲ” ಎಂದು ಕಾಕು ನೆನಪಿಸಿದರೆ, “ಕಲಾಕ್ಕ ಕಾಲ ಇಲ್ಲ” ಎನ್ನುತ್ತಾರೆ.

ಇಂಥ ಕಾಕಾ ಅವರ ಮೇಲೆ 2020ರ ಮಾರ್ಚ್ ಬಂತು. 22ರ ಜನತಾ ಕರ್ಫ್ಯೂ ದಿನ ಸಂಜೆ ಐದಕ್ಕೆ ಇಡೀ ಊರು ಮಾಳಿಗೆ ಏರಿ ಗಂಗಾಳ, ಜಾಗಟೆ ಬಡಿಯಿತು. ಕಾಕಾ ಸ್ವಲ್ಪ ಹೊತ್ತು ಕೈಯೆತ್ತಿ ತೀನ್‌ತಾಲ ತೋರಿಸಿ ಓಣಿಯನ್ನು ಹತೋಟಿಗೆ ತರಲು ನೋಡಿದರು. ಆಮೇಲೆ ಕೆಳಗಿಳಿದು ಬಂದು, “ಇಷ್ಟ ಮಂದ್ಯಾಗ ಒಬ್ಬನರೆ ಸಮ್ಮಿಗೆ ಬರಬಾರ್ದು?” ಎಂದು ಬೇಸರಪಟ್ಟರು. ಆ ವಾರದಲ್ಲೇ ದೇಶಕ್ಕೆ ಬೀಗ ಬಿತ್ತು. ಬೈಠಕ್ಕು ನಿಂತವು, ಉರುಸು, ಜಾತ್ರೆ, ನಾಟಕ, ಪಾರಿಜಾತ ನಿಂತವು, ಪ್ಯಾಸೆಂಜರ್ ಗಾಡಿ ನಿಂತಿತು. ಇಷ್ಟು ವರ್ಷ ಕಾಣದ ಗಡಿ ಬ್ಯಾರಿಕೇಡಿನ ರೂಪದಲ್ಲಿ ಕಂಡಿತು. ಖಾನ್‌ಸಾಹೇಬರ ಊರು ಕೂಗಳತೆಯಲ್ಲಿದ್ದೂ ಪರರಾಜ್ಯವಾಯಿತು.

ಕಾಕಾ ಕೆಲ ವಾರ ತಡೆದರು. ನಂತರ ಒಂದು ಮುಂಜಾನೆ ತಂಬೂರಿಗೆ ಗವಸಣಿಗೆ ಹಾಕಿ, ನನ್ನ ಮೋಟರ್‌ಸೈಕಲ್ಲಿನ ಹಿಂದೆ ಕೂತು ನಾಕಾಕ್ಕೆ ಬಂದರು. ಎಳೆ ವಯಸ್ಸಿನ ಪೊಲೀಸ್ ಪೇದೆ ತಡೆದ.

“ಎಲ್ಲಿಗ್ರಿ?”

“ಮಿರಜಕ್ಕ. ಜವಾರಿ ಮಾಡಸಬೇಕು.”

“ಜವಾರಿ ಕೋಳಿ ಇಲ್ಲೇ ಸಿಗತಾವಲ್ರಿ, ಅದಕ್ಕ ಮಿರಜ್ಯಾಕ?”

ಕಾಕಾ ಉರಿಬಿಸಿಲಿನಲ್ಲಿ ನಿಂತೇ ಪಾಠ ಶುರುಮಾಡಿದರು. ತಂಬೂರಿಯ ತಂತಿ ಕುದುರೆಯ ಮೇಲೆ ಎಲ್ಲಿ ತಾಗಬೇಕು, ಅದನ್ನು ಕೂದಲೆಳೆಯಷ್ಟು ಹೇಗೆ ಉಜ್ಜಿ ತೆಗೆಯುತ್ತಾರೆ, ಪಂಢರಪುರದ ಕಡೆಯಿಂದ ಬರುವ ಕುಂಬಳದ ಬುರುಡೆಯಿಂದ ಮಿರಜದವರು ತಲೆಮಾರುಗಳಿಂದ ತಂಬೂರಿ ಹೇಗೆ ಮಾಡುತ್ತಾರೆ, ಎಲ್ಲ. ಪೇದೆ ಶಾಂತವಾಗಿ ಕೇಳಿ, “ಪಾಸ್ ಐತೇನ್ರಿ?” ಎಂದ. ಕಾಕಾ ಠೀವಿಯಿಂದ ಒಳಕಿಸೆಗೆ ಕೈಹಾಕಿ ಪಾಸು ತೆಗೆದುಕೊಟ್ಟರು. ಅದು ಹಿಂದಿನ ವರ್ಷದ ಮೆಹಫಿಲ್ಲಿನ ಗೌರವ ಪಾಸು. ಪೇದೆ ಎರಡೂ ಬದಿ ತಿರುಗಿಸಿ ಓದಿ, “ಇದರಾಗ ಇಬ್ಬರಿಗೆ ಪ್ರವೇಶ, ಸಣ್ಣ ಹುಡುಗರನ್ನ ತರಬ್ಯಾಡ್ರಿ ಅಂತ ಐತಿ. ಮಾಸ್ಕ್ ಸರಿ ಹಾಕ್ಕೊಂಡು ಮನಿಗೆ ಹೋಗ್ರಿ ಅಜ್ಜಾರ” ಎಂದ. ತಿರುಗಿ ಬರುವಾಗ ದಾರಿಯುದ್ದಕ್ಕೂ ಕಾಕಾ ಮಿರಜದ ಬಗ್ಗೆ ಮಾತಾಡಲಿಲ್ಲ. “ಅಜ್ಜಾರ ಅಂದನಲ್ಲೋ!” ಎಂದು ಎರಡು ಸಲ ಅಂದರು.

ಆಗ ಬಂದದ್ದು ಫೇಸ್‌ಬುಕ್ ಲೈವ್. ದೇಶದ ದೊಡ್ಡ ದೊಡ್ಡ ಗಾಯಕರು ತಮ್ಮ ತಮ್ಮ ಮನೆಯಲ್ಲಿ ಪುಸ್ತಕದ ಕಪಾಟಿನ ಮುಂದೆ ಕೂತು ಹಾಡತೊಡಗಿದರು. ಪಕ್ಕದ ಮನೆಯ ಕಾಲೇಜು ಹುಡುಗ ತನ್ನ ಮೊಬೈಲನ್ನು ಸ್ಟೀಲ್ ಡಬ್ಬಿಗೆ ಆನಿಸಿಟ್ಟು ಹಚ್ಚಿಕೊಟ್ಟ. ಪುಕ್ಕಟೆ ಹಾಡು, ಮೊದಲ ಸಾಲು, ಚಪ್ಪಲಿಯ ಚಿಂತೆ ಇಲ್ಲ. ಕಾಕಾ ಆದರೂ ಧೋತರ ಉಟ್ಟು, ಅತ್ತರು ಹಚ್ಚಿ, ಜಮಖಾನೆಯ ಎಡತುದಿಗೇ ಕೂತರು. ವಿಲಂಬಿತ್ ನಡೆದಿತ್ತು. ಗಾಯಕಿ ಗಾಂಧಾರದ ಮೇಲೆ ನಿಂತವರು ಅಲ್ಲಿಗೇ ನಿಶ್ಶಬ್ದವಾದರು. ಕಾಕಾ ಕಣ್ಣು ಮುಚ್ಚಿ ತೊಡೆ ತಟ್ಟಿಕೊಂಡು, “ನೋಡು, ಎಂಥಾ ಜಾಗಾ ಬಿಟ್ಟಾಳ! ಸ್ವರ ಹಚ್ಚಾವರು ಸಾವಿರ ಮಂದಿ ಅದಾರ, ಹಿಂಗ ಸುಮ್ಮನ ಇರಾವರು ಒಬ್ಬರೋ ಇಬ್ಬರೋ. ಇದಪಾ ಕಿರಾಣಾ!” ಎಂದರು.

“ಕಾಕಾ, ನೆಟ್ ಹೋಗೈತ್ರಿ” ಎಂದ ಹುಡುಗ.

ಮುಂದಿನ ಸಲ ಮೆಚ್ಚುಗೆಯನ್ನು ಬರೆದು ತಿಳಿಸುವುದನ್ನೂ ಹುಡುಗ ಕಲಿಸಿದ. ಕಾಕಾ ಅವರಿಗೆ ಚಿತ್ರದ ಗುರುತುಗಳ ಪರಿಚಯ ಆದದ್ದು ಊರಿನ ವಾಟ್ಸಾಪ್ ಗುಂಪಿನಿಂದ. ಆ ದಿನಗಳಲ್ಲಿ ಅದರಲ್ಲಿ ಬರುತ್ತಿದ್ದದ್ದು ಒಂದೇ ಬಗೆಯ ಸುದ್ದಿ, ಅದಕ್ಕೆ ಎಲ್ಲರೂ ಹಾಕುತ್ತಿದ್ದದ್ದು ಒಂದೇ ಬಗೆಯ ಗುರುತು. ಹಾಡು ರಂಗೇರಿದ ಹೊತ್ತಿಗೆ ಕಾಕಾ ಸಾಲಾಗಿ ಕೈಮುಗಿದ ಚಿತ್ರ, ಹೂವಿನ ಚಿತ್ರ ಒತ್ತಿಬಿಟ್ಟರು. ಕೆಳಗೆ ಒಬ್ಬರ ಹಿಂದೊಬ್ಬರು, “ಯಾರು ಹೋದರು?” “ಯಾವಾಗ?” ಎಂದು ಕೇಳತೊಡಗಿದರು. ಹಾಡುವವರು ನಡುವೆ ನಿಲ್ಲಿಸಿ, ಕನ್ನಡಕ ಏರಿಸಿ ಮೊಬೈಲ್ ನೋಡಿದರು. ಅಲ್ಲಿಗೆ ಕಾಕಾ ಅವರ ಲೈವ್ ಮುಗಿಯಿತು. “ಅದು ಬ್ಯಾಡೋ. ನಾ ವ್ಹಾ ಅಂದ್ರ ಅವರಿಗೆ ಕೇಳೂದಿಲ್ಲ, ಅವರ ನನ್ನ ಕಡೆ ನೋಡೂದಿಲ್ಲ. ಇದೇನು ಬೈಠಕ್ಕೋ, ಪೋಸ್ಟ್‌ಮಾರ್ಟಮ್ಮೋ?”

ಮನೆಯಲ್ಲಿ ಕಾಕಾ ಅವರ ಕಿವಿಯಿಂದ ಆದ ತೊಂದರೆ ಕಾಕು ಒಬ್ಬರಿಗೇ ಗೊತ್ತು. “ಯಮನ್‌ದಾಗ ಮಧ್ಯಮ ಎಳ್ಳಷ್ಟ ಇಳದ್ರ ಇವರಿಗೆ ಕೇಳತೈತಿ. ಕುಕ್ಕರ್ ನಾಕ ಸೀಟಿ ಹೊಡದದ್ದು ಕೇಳೂದಿಲ್ಲ.” ಸೀಟಿ ಕೇಳುತ್ತಿತ್ತು, ಆದರೆ ಬೇರೆ ರೀತಿ. ಕಾಕಾ ಅದನ್ನು ಕಾಳಿ ಒಂದರಲ್ಲಿದೆ ಎಂದು ಗುರುತಿಸುತ್ತಿದ್ದರು, ಗ್ಯಾಸ್ ಆರಿಸುತ್ತಿರಲಿಲ್ಲ. ಒಂದು ದಿನ ಬೇಸತ್ತ ಕಾಕು ಅವರದೇ ಅಸ್ತ್ರವನ್ನು ಅವರ ಮೇಲೆ ಬಿಟ್ಟರು. “ನಮ್ಮ ಜಿಲ್ಲೆಯ ಸುಳೇಭಾವಿಯ ಹುಡುಗ, ಕುಮಾರ ಗಂಧರ್ವ, ಅಂತ ಊರೆಲ್ಲಾ ಹೇಳ್ಕೋತ ತಿರಗತೀರಲ್ಲ. ಅವರಿಗೆ ಕ್ಷಯ ಬಂದು ದೇವಾಸದಾಗ ವರ್ಷಗಟ್ಟಲೆ ಹಾಡದ ಮಲಗಿದ್ರು ಅಂತ ನೀವ ಹೇಳೀರಿ. ಮಲಗಿದಲ್ಲೇ ಮಾಳವಾದ ಹೆಣ್ಮಕ್ಕಳ ಹಾಡು ಕೇಳಿ, ಎದ್ದ ಮ್ಯಾಲ ಹೊಸಾ ರಾಗ ಕಟ್ಟಿದ್ರಂತ. ಒಂದು ಪುಪ್ಪುಸ ಹಾಳಾದವರು ಅಷ್ಟು ತಡದಾರ. ಎರಡೂ ಗಟ್ಟಿ ಇದ್ದ ನಿಮಗೇನ ಧಾಡಿ?”

ಕಾಕಾ ಬಹಳ ಹೊತ್ತು ಸುಮ್ಮನಿದ್ದು, “ಅವರು ಹಾಡಾವರು. ಅವರಿಗೆ ಒಳಗ ಇರತೈತಿ. ಕೇಳಾವನ ಕಷ್ಟ ಬ್ಯಾರೆ” ಎಂದರು. ನನಗೆ ತಿಳಿದಂತೆ ಕಾಕು ಮುಂದೆ ಮಾತಿಲ್ಲದೆ ಸುಮ್ಮನಾದದ್ದು ಅದೊಂದು ಸಲ.

ಹಾಡು ಸಿಗದ ಕಾಕಾ ನೆನಪಿಗೆ ಕೈಹಾಕಿದರು. ಭೀಮಸೇನರು ಒಂದು ಸಮ್ಮಿನ ಮೇಲೆ ಕಣ್ಣು ತೆರೆದು ತಮ್ಮನ್ನೇ ನೋಡಿ ನಕ್ಕಿದ್ದು ಹಳೆಯ ಕಥೆ. ಭೀಮಸೇನರು ಹಾಡುವಾಗ ಕಣ್ಣು ಮುಚ್ಚಿರುತ್ತಿದ್ದರೆಂದು ಕೇಳಿದವರೆಲ್ಲ ಬಲ್ಲರು. ಅವರಿಗೆ ಕಾರು ಓಡಿಸುವ ಹುಚ್ಚಿತ್ತಲ್ಲ, ಪುಣೆಯಿಂದ ಹುಬ್ಬಳ್ಳಿಗೆ ಹೊರಟರೆ ನಿಪ್ಪಾಣಿ ದಾಟಲೇಬೇಕಲ್ಲ. ಹೀಗಾಗಿ ಯೌವನದಲ್ಲಿ ಕಾಕಾ ನಿಪ್ಪಾಣಿಯ ರಸ್ತೆಯಲ್ಲಿ ಕಂಡ ವೇಗದ ಕಾರುಗಳೆಲ್ಲ ಈಗ ಭೀಮಸೇನರವಾದವು. ಆದರೆ ನಿಜವಾದ ಪವಾಡ ಆದದ್ದು ಕೊನೆಯ ಬೈಠಕ್ಕಿಗೆ.

ಅದು ಲಾಕ್‌ಡೌನಿಗೆ ಕೆಲವೇ ದಿನ ಮೊದಲು ಮಿರಜದಲ್ಲಿ ಆದದ್ದು. ಹಾಡಿದವ ಒಬ್ಬ ಎಳೆಯ ಗಾಯಕ, ರಾಗ ಮಾರ್ವಾ. ಕಾಕಾ ದ್ರುತ್ ಶುರುವಾಗುವ ಮೊದಲೇ ಎದ್ದು, “ಕಂಠ ಐತಿ, ತೂಕಿಲ್ಲ” ಎಂದು ತೀರ್ಪು ಕೊಟ್ಟು ಕಾಂದಾಭಜಿ ತಿನ್ನಲು ಹೋಗಿದ್ದರು. ನಾನು ಜೊತೆಗಿದ್ದೆ, ಭಜಿಯಲ್ಲಿ ಪಾಲೂ ತಿಂದಿದ್ದೆ. ಏಪ್ರಿಲ್‌ನಲ್ಲಿ ಕಾಕಾ, “ಹುಡುಗ ತಪ್ಪಿಲ್ಲ ಬಿಡು” ಎಂದರು. ಕಾರಹುಣ್ಣಿಮೆಗೆ, “ಆ ಕೋಮಲ ರಿಷಭ ಹಚ್ಚಿದ್ದು ನೆನಪೈತೇನು?” ಎಂದು ನನ್ನನ್ನೇ ಕೇಳಿದರು. ಪಂಚಮಿಯ ಹೊತ್ತಿಗೆ ಸಭೆಯಲ್ಲಿ ಅರ್ಧ ಜನ ಅಳುತ್ತಿದ್ದರು. ದೀಪಾವಳಿಗೆ ಸಂಜೆಯ ಮಾರ್ವಾ ನಸುಕಿನ ಭೈರವಿಗೆ ಹೋಗಿ ಮುಟ್ಟಿತ್ತು. ಹೊರಗೆ ಬಂದಾಗ ಹಾಲಿನ ಗಾಡಿಗಳು ಓಡಾಡುತ್ತಿದ್ದವು. ಭಜಿ ಕಥೆಯಿಂದ ಪೂರ್ತಿ ಮಾಯವಾಗಿತ್ತು.

ಆ ವರ್ಷದ ಗಣಪತಿ ಬಂದದ್ದು ಆಗಸ್ಟ್ 22ಕ್ಕೆ. ನಮ್ಮ ಕಡೆ ಗಣಪತಿ ಎಂದರೆ ಡಾಲ್ಬಿ; ಗೋಡೆಯ ಸುಣ್ಣ ಉದುರಬೇಕು, ಎದೆ ಒಳಗಿನಿಂದ ಗುದ್ದಬೇಕು. ಪ್ರತಿವರ್ಷ ವಿಸರ್ಜನೆಯ ರಾತ್ರಿ ಕಾಕಾ ಕಿವಿಗೆ ಅರಳೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತು ಮಂಡಳದ ಹುಡುಗರನ್ನು ಏಳು ತಲೆಮಾರು ಸೇರಿಸಿ ಬೈಯುತ್ತಿದ್ದರು. ಆ ಸಲ ನಾಲ್ಕು ಹುಡುಗರು ಮಾಸ್ಕ್ ಹಾಕಿಕೊಂಡು ಸದ್ದಿಲ್ಲದೆ ಗಣಪನನ್ನು ಎತ್ತಿಕೊಂಡು ಹೊರಟರು. ಕಾಕಾ ಕಿವಿಯ ಅರಳೆ ತೆಗೆದು ಸ್ವಲ್ಪ ಹೊತ್ತು ಕಾದು, “ಲೇ ತಮ್ಮಾ, ಒಂದ ಸಣ್ಣ ಡಾಲ್ಬಿ ಆದ್ರೂ ಹಚ್ಚಬಾರ್ದೇನೋ? ಬೈಯಾಕರೆ ಏನರೆ ಬೇಕಲ್ಲ!” ಎಂದರು.

ಮೈಕ್‌ಸೆಟ್ಟಿನ ಮಾಲಕನಿಗೂ ಅವರಿಗೂ ಹಳೆಯ ಹಗೆ. ಯಾವ ಬೈಠಕ್ಕಿನಲ್ಲೂ ಕಾಕಾ ಮೊದಲ ಸಾಲಿನಿಂದ ಬೆರಳು ಎತ್ತಿ, ತಿರುವಿ, ಇಳಿಸಿ ತಬಲಾ ಕಡಿಮೆ ಮಾಡು, ತಂಬೂರಿ ಏರಿಸು ಎಂದು ಸನ್ನೆ ಮಾಡುತ್ತಲೇ ಇರುತ್ತಿದ್ದರು; ಆತ ನೋಡದ ಹಾಗೆ ಕೂತಿರುತ್ತಿದ್ದ. ಸಭೆ ಸಮಾರಂಭ ನಿಂತ ಮೇಲೆ ಆತ ತನ್ನ ಛೋಟಾ ಹತ್ತಿಯಲ್ಲಿ ಸ್ಪೀಕರ್ ಇಳಿಸಿ ಉಳ್ಳಾಗಡ್ಡಿ ಹೇರಿದ. ಒಂದು ಕರ್ಣ ಮಾತ್ರ ಉಳಿಸಿಕೊಂಡು ಓಣಿ ಓಣಿ ತಿರುಗಿ ಕೂಗತೊಡಗಿದ. ಒಂದು ದಿನ ಕಾಕಾ ಕಟ್ಟೆಯಿಂದ ಇಳಿದು ಗಾಡಿಗೆ ಅಡ್ಡ ನಿಂತರು. “ಆವಾಜ್ ಒಡೀಲಾಕತ್ತೈತಿ. ಟ್ರೆಬಲ್ ಇಳಸು. ‘ಟೊಮ್ಯಾಟೊ’ ಅನ್ನೂದು ‘ಪೊಟ್ಯಾಟೊ’ ಕೇಳಸ್ತೈತಿ.” ಆತ ಗಾಡಿ ಬಂದ್ ಮಾಡಿ ಕೆಳಗಿಳಿದ. ಬೈಯುತ್ತಾನೆಂದು ನಾನು ಅಂದುಕೊಂಡೆ. “ಕಾಕಾ, ಇಷ್ಟು ತಿಂಗಳಾದ ಮ್ಯಾಲ ನೀವೊಬ್ಬರ ನನ್ನ ಸೌಂಡ್ ಕೇಳಿದ್ರಿ ನೋಡ್ರಿ. ಉಳಿದವರೆಲ್ಲಾ ಬರೇ ರೇಟ್ ಕೇಳತಾರ” ಎಂದು, ನಿಜವಾಗಿಯೂ ಟ್ರೆಬಲ್ ಇಳಿಸಿದ. ಕಾಕಾ ಬೇಡದಿದ್ದರೂ ಐದು ಕಿಲೋ ಉಳ್ಳಾಗಡ್ಡಿ ಕೊಂಡರು. ತೂಕದ ವಿಷಯದಲ್ಲಿ ಅವರು ಜಗಳ ತೆಗೆಯದ್ದು ಅಂದೇ.

ಅಕ್ಟೋಬರ್‌ನಲ್ಲಿ ಸಭಾಗೃಹಗಳಿಗೆ ಕೇಂದ್ರ ಸರಕಾರದ ಸಡಿಲಿಕೆ ಬಂತು: ಅರ್ಧ ಆಸನ ಮಾತ್ರ, ಒಟ್ಟು 200 ಜನ ಮೀರುವಂತಿಲ್ಲ. ಪೇಪರಿನಲ್ಲಿ ಓದಿ ಕಾಕಾ ಬಹಳ ದಿನದ ಮೇಲೆ ನಕ್ಕರು. “ಖ್ಯಾಲ್ ಕೇಳಾಕ ಇನ್ನೂರು ಮಂದಿ ಯಾವಾಗ ಬಂದಿದ್ರೋ? ಇದು ನಿರ್ಬಂಧ ಅಲ್ಲ, ಆಶೀರ್ವಾದ!” ಆದರೂ ನಡೆಸುವವರಿಗೆ ಧೈರ್ಯ ಬರಲಿಲ್ಲ. ಪುಣೆಯಲ್ಲಿ 1953ರಿಂದ ನಡೆದುಬಂದ ಸವಾಯಿ ಗಂಧರ್ವ ಉತ್ಸವವೂ ಆ ಡಿಸೆಂಬರ್‌ನಲ್ಲಿ ನಡೆಯಲಿಲ್ಲ. 2021ರ ಫೆಬ್ರವರಿ 4ಕ್ಕೆ ಭೀಮಸೇನರ ಜನ್ಮಶತಾಬ್ದಿ ವರ್ಷ ಕಾಲಿಟ್ಟಿತು. ಕಾಕಾ ಹೊಸ ಝುಬ್ಬಾ ಹೊಲಿಸಿದರು. ಹಿಂದೆಯೇ ಎರಡನೇ ಅಲೆ ಬಂದು ಝುಬ್ಬಾ ಪೆಟ್ಟಿಗೆ ಸೇರಿತು. ಮೇ ತಿಂಗಳಲ್ಲಿ ರಾಜ್ಯ ಸರಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಪರಿಹಾರ ಸಾರಿದಾಗ, ಊರಿನ ಭಜನಾಮೇಳದ ಪೇಟಿಯವನಿಗೆ ಅರ್ಜಿ ಬರೆದುಕೊಟ್ಟವರು ಕಾಕಾ. ಕಲೆಯ ಪ್ರಕಾರ, ಅನುಭವ, ಎಲ್ಲ ಅಂದವಾಗಿ ತುಂಬಿ, ಸಹಿ ಹಾಕಿಸಿ, ಪೆನ್ನಿನ ಟೊಪ್ಪಿಗೆ ಮುಚ್ಚುತ್ತ, “ಇದರಾಗ ಕೇಳಾವರದೊಂದು ಖಾನೆ ಇಡಬೇಕಿತ್ತು” ಎಂದರು.

ಅದೇ ಹೊತ್ತಿಗೆ ಆ ಕೊನೆಯ ಬೈಠಕ್ಕಿನ ರೆಕಾರ್ಡಿಂಗ್ ಯೂಟ್ಯೂಬಿಗೆ ಬಂತು. ನನಗೆ ಎದೆ ಹೊಡೆದುಕೊಂಡಿತು. ಹದಿನಾಲ್ಕು ತಿಂಗಳಲ್ಲಿ ಕಾಕಾ ಕಟ್ಟಿದ ಗೋಪುರ ಒಂದು ತಾಸಿನಲ್ಲಿ ಬೀಳುವುದಿತ್ತು. ಅವರೂ ಮೊದಲು ಒಲ್ಲೆ ಎಂದರು, “ಆ ಹವಾ ರೆಕಾರ್ಡಿಂಗ್‌ದಾಗ ಬರೂದಿಲ್ಲ.” ಹುಡುಗ ಕೇಳದೆ ಹಚ್ಚಿಬಿಟ್ಟ. ಆಲಾಪ ಹಿತವಾಗಿಯೇ ಇತ್ತು, ಅದ್ಭುತವೇನಲ್ಲ. ವಿಲಂಬಿತ್ತಿನ ಐದಾರು ಆವರ್ತನ ಕಳೆದಿತ್ತು. ಗಾಯಕ ಸುತ್ತಿ ಬಳಸಿ ಸಮ್ಮಿಗೆ ಬಂದಿಳಿದ. ಅದೇ ಕ್ಷಣಕ್ಕೆ ಮೈಕಿನ ಬಲು ಹತ್ತಿರದಿಂದ ಒಂದು ‘ವ್ಹಾ’.

ಕಾಕಾ ನೆಟ್ಟಗೆ ಕೂತರು. “ಹಿಂದಕ್ಕ ತಗೊ.” ಹುಡುಗ ಹಿಂದಕ್ಕೆ ಒಯ್ದ. ವ್ಹಾ. “ಮತ್ತೊಮ್ಮೆ.” ವ್ಹಾ. ಮುಂದೆ ಕರ್ ಕರ್ ಎಂದು ಅಥಣಿಯ ಚಪ್ಪಲಿ ದೂರವಾದದ್ದೂ, “ಭಜಿ ಬಿಸಿ ಅದಾವೇನ?” ಎಂಬ ಪಿಸುಮಾತೂ ಸ್ವಚ್ಛವಾಗಿ ಕೇಳಿಸಿತು. ಕಾಕಾ ಅದನ್ನು ಖಾಲಿ ಟ್ರಾಲಿಯ ತೂಕದಂತೆ ಕಳೆದುಬಿಟ್ಟರು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಮಾಸ್ಕ್ ತೆಗೆಯುವ ಮೊದಲೇ ಆ ರೆಕಾರ್ಡಿಂಗು. ಹಾಡನ್ನು ಓಡಿಸಿ ನೇರ ಆ ಜಾಗಕ್ಕೆ ನಿಲ್ಲಿಸುವುದು. “ಕೇಳ್ರಿ, ಹ್ಯಾಂಗ ಸಮ್ಮಿಗೆ ಸರಿಯಾಗಿ ಬಂದೇನಿ!” ಹಾಡಿದ ಹುಡುಗನ ಹೆಸರು ಕೇಳಿದರೆ ತುಸು ನೆನಪಿಸಿಕೊಂಡು ಹೇಳುತ್ತಿದ್ದರು.

ಗಡಿಯ ನಾಕಾದಲ್ಲಿ ತಪಾಸಣೆಯ ಕಾಗದ ಕೇಳುವುದು ನಿಂತ ಮೇಲೆ ಬೈಠಕ್ಕು ಒಂದೊಂದಾಗಿ ಚಿಗುರಿದವು. ಮೊದಲನೆಯದಕ್ಕೆ ಕಾಕಾ ಮತ್ತು ನಾನು ಒಂದು ತಾಸು ಮೊದಲೇ ಹೋಗಿ ಕೂತೆವು. ಹಾಡಿದ್ದು ಬೇರೊಬ್ಬರು. ಕಾಕಾ ಎರಡು ‘ಹಾಂ’, ಒಂದು ‘ವ್ಹಾ’ ಕೊಟ್ಟು, ನನ್ನ ಕಡೆ ತಿರುಗಿ, “ಚಲೋ ಐತಿ. ಆದರ ಆ ಮಾರ್ವಾದ ಮುಂದ ಇದೇನೂ ಅಲ್ಲ” ಎಂದರು. ಭೈರವಿಯಾದ ಮೇಲೆ ತಬಲಾದವ ಗವಸಣಿಗೆ ಕಟ್ಟುತ್ತ ಅವರನ್ನು ಗುರುತಿಸಿ ಕೈಮುಗಿದ. ಅದೇ ಮಾರ್ವಾಕ್ಕೆ ಸಾಥ್ ಕೊಟ್ಟವನೂ ಅವನೇ.

“ಕಾಕಾರ, ನೀವು ಎದುರಿಗೆ ಕುಂತ ಮ್ಯಾಲ ಜೀವ ಬಂತು ನೋಡ್ರಿ. ಎರಡು ವರ್ಷ ಮೊಬೈಲ್ ಮುಂದ ಬಾರಿಸಿ ಬಾರಿಸಿ ಸಮ್ ಎಲ್ಲಿ ಬರತೈತಿ ಅನ್ನೂದ ಮರತಂಗ ಆಗಿತ್ತು.”

ಕಾಕಾ ಚೀಲದಿಂದ ಚಪ್ಪಲಿ ತೆಗೆದು ಮೆಟ್ಟಿಕೊಳ್ಳುತ್ತ, “ಹೌದು, ಕೇಳಿಸ್ತು” ಎಂದರು.